ಮಣ್ಣಿನ ಇಡ್ಲಿಯನ್ನು ಮಕ್ಕಳು ತಿನ್ನುವುದಿಲ್ಲ

‘ನಿಜ ಯಾವುದು, ಸುಳ್ಳು ಯಾವುದು ಅಂತ ಅವಕ್ಕೇನು ಗೊತ್ತಾಗುತ್ತೆ? ಮಕ್ಕಳಲ್ವಾ!’ ಈ ಮಾತು ಆಡದ ಮನೆಯಿಲ್ಲ. ಆದರೆ ಹಿತ್ತಿಲಲ್ಲಿ ಅಡುಗೆ ಆಟ ಆಡುವ ಮಕ್ಕಳನ್ನು ಒಮ್ಮೆ ನೋಡಿ. ಮಣ್ಣು ಕಲಸಿ, ತೆಂಗಿನ ಚಿಪ್ಪಿನಲ್ಲಿ ಒತ್ತಿ ಇಡ್ಲಿ ಮಾಡಿ, ಎಲೆಯ ಮೇಲೆ ಬಡಿಸಿ, ‘ಬಿಸಿ ಇದೆ, ಊದ್ಕೊಂಡು ತಿನ್ನಿ’ ಎಂದು ಉಪಚಾರ ಮಾಡುತ್ತಾರೆ. ನೀವು ನಿಜವಾಗಿ ಬಾಯಿಗಿಡಲು ಹೋದರೆ ‘ಅಯ್ಯೋ, ಅದು ಮಣ್ಣು!’ ಎಂದು ಕೂಗಿಕೊಳ್ಳುವವರೂ ಅವರೇ.

1986ರಲ್ಲಿ ಹೆನ್ರಿ ವೆಲ್‌ಮನ್ ಮತ್ತು ಡೇವಿಡ್ ಎಸ್ಟೆಸ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಪುಟಾಣಿಗಳಿಗೆ ಇಬ್ಬರು ಹುಡುಗರ ಕಥೆ ಹೇಳಿದರು. ಒಬ್ಬನ ಬಳಿ ಬಿಸ್ಕತ್ತು ಇದೆ, ಇನ್ನೊಬ್ಬ ಬಿಸ್ಕತ್ತನ್ನು ಮನಸ್ಸಿನಲ್ಲೇ ನೆನೆಯುತ್ತಿದ್ದಾನೆ. ಯಾವುದನ್ನು ಮುಟ್ಟಬಹುದು, ಯಾವುದನ್ನು ಬೇರೆಯವರೂ ನೋಡಬಹುದು? ಮೂರು ವರ್ಷದವರಲ್ಲೇ ಬಹುಪಾಲು ಮಕ್ಕಳು ಸರಿಯಾಗಿ ಉತ್ತರಿಸಿದರು. ಮನೆಯೊಳಗೆ ನಿಜವನ್ನೂ ಕಲ್ಪನೆಯನ್ನೂ ಕಲಸುವವರು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರು ಎಂಬುದು ನನ್ನ ವಾದ. ನಮ್ಮಲ್ಲಿ ಓಡಾಡುವ ಕೆಲವು ನಂಬಿಕೆಗಳನ್ನು ಅದೇ ಕಣ್ಣಿನಿಂದ ನೋಡೋಣ.

‘ಒಬ್ಬಳೇ ಮಾತಾಡ್ತಾಳೆ, ಏನೋ ಸೋಕಿದೆ’

ಕಾಣದ ಗೆಳತಿಗೆ ತಟ್ಟೆ ಹಾಕಿಸುವ, ಬಸ್ಸಿನಲ್ಲಿ ಅವಳಿಗೂ ಜಾಗ ಬಿಡಿಸುವ ಮಗುವನ್ನು ಕಂಡ ಕೂಡಲೇ ಮನೆಯ ಹಿರಿಯರಿಗೆ ಗಾಳಿ, ತಾಯತ, ಅಂತ್ರ ನೆನಪಾಗುತ್ತವೆ. ಓದಿದ ತಂದೆತಾಯಿಗೆ ಮಾನಸಿಕ ಕಾಯಿಲೆಯ ಭಯ. ಎರಡೂ ಕಡೆಯವರು ಸಮಾಧಾನ ಮಾಡಿಕೊಳ್ಳಬಹುದು. ಒರೆಗಾನ್ ವಿಶ್ವವಿದ್ಯಾಲಯದ ಮಾರ್ಜೊರಿ ಟೇಲರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ವರ್ಷದೊಳಗೆ ಯಾವಾಗಲಾದರೂ ಇಂಥ ಕಲ್ಪನೆಯ ಜೊತೆಗಾರರನ್ನು ಕಟ್ಟಿಕೊಂಡಿದ್ದ ಮಕ್ಕಳು ಶೇ 65. ಗೊಂಬೆಗೆ ಜೀವ ತುಂಬಿ ಮಾತಾಡಿಸುವುದೂ ಆ ಲೆಕ್ಕದಲ್ಲಿ ಸೇರಿದೆ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಸಂದರ್ಶನದ ನಡುವೆ ಎಷ್ಟೋ ಮಕ್ಕಳು ತಾವಾಗಿಯೇ, ಅದು ಸುಮ್ಮನೆ ಆಟಕ್ಕೆ, ನಿಜವಾಗಿ ಇಲ್ಲ ಎಂದು ಸಂಶೋಧಕರಿಗೇ ತಿಳಿಸಿ ಹೇಳುತ್ತಿದ್ದವಂತೆ!

ಚಿಂತೆ ಮಾಡಬೇಕಾದ ಲಕ್ಷಣಗಳು ಬೇರೆ. ‘ಅದು ನನ್ನನ್ನು ಹೆದರಿಸುತ್ತೆ, ಹೋಗು ಅಂದರೂ ಹೋಗಲ್ಲ, ಹೊಡ್ಕೋ ಅನ್ನುತ್ತೆ’ ಎಂದು ಮಗು ನರಳಿದರೆ, ಊಟ, ನಿದ್ದೆ, ಗೆಳೆಯರ ಸಹವಾಸ ಬಿಟ್ಟು ಮುದುಡಿದರೆ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

‘ಇಷ್ಟು ಚಿಕ್ಕದಕ್ಕೇ ಸುಳ್ಳು ಹೇಳುತ್ತೆ, ನಾಲ್ಕು ಬಿಟ್ಟರೆ ಸರಿಹೋಗುತ್ತೆ’

ಕೆನಡಾದ ಮನೋವಿಜ್ಞಾನಿಗಳಾದ ಕಾಂಗ್ ಲೀ ಮತ್ತು ವಿಕ್ಟೋರಿಯಾ ತಲ್ವಾರ್ ಮಕ್ಕಳ ಸುಳ್ಳಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಗುವಿನ ಬೆನ್ನ ಹಿಂದೆ ಆಟಿಕೆ ಇಟ್ಟು, ‘ತಿರುಗಿ ನೋಡಬೇಡ’ ಎಂದು ಹೇಳಿ ಹೊರಗೆ ಹೋಗುವುದು, ಬಂದು ‘ನೋಡಿದೆಯಾ?’ ಎಂದು ಕೇಳುವುದು, ಇಷ್ಟೇ ಪ್ರಯೋಗ. ಹೆಚ್ಚಿನ ಮಕ್ಕಳು ಕದ್ದು ನೋಡುತ್ತವೆ. ವಯಸ್ಸು ನಾಲ್ಕು ದಾಟಿದ ಹಾಗೆಲ್ಲ ‘ಇಲ್ಲ’ ಎನ್ನುವವರ ಸಂಖ್ಯೆ ಏರುತ್ತದೆ. ಸುಳ್ಳು ಹೇಳಬೇಕಾದರೆ ನನಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ ಎಂಬ ಅರಿವು ಬೇಕು. ಅಂದರೆ ಅದು ಬುದ್ಧಿ ಬೆಳೆಯುತ್ತಿರುವ ಗುರುತು, ಕೆಟ್ಟ ಬುದ್ಧಿಯದಲ್ಲ.

ಇನ್ನು ಹೊಡೆತದ ವಿಚಾರ. 2011ರಲ್ಲಿ ಇವರಿಬ್ಬರೂ ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳನ್ನು ಹೋಲಿಸಿದರು. ತಪ್ಪಿಗೆ ಕೋಲು ಬೀಳುತ್ತಿದ್ದ ಶಾಲೆಯ ಮಕ್ಕಳೇ ಹೆಚ್ಚು ಸುಳ್ಳು ಹೇಳಿದರು, ಸಿಕ್ಕಿಬೀಳದಂತೆ ಚೆನ್ನಾಗಿಯೂ ಹೇಳಿದರು. 2014ರ ಇನ್ನೊಂದು ಪ್ರಯೋಗದಲ್ಲಿ, ನಾವು ‘ಹುಲಿ ಬಂತು ಹುಲಿ’ ಎಂದು ಹೇಳುವ ಕಥೆಯ ಮೂಲ ರೂಪವನ್ನು, ಸುಳ್ಳಾಡಿದ ಕುರಿಗಾಹಿಯ ಕಥೆಯನ್ನು, ಮಕ್ಕಳಿಗೆ ಓದಿ ಹೇಳಿದರು. ಅದನ್ನು ಕೇಳಿದ ಮಕ್ಕಳಲ್ಲಿ ಸುಳ್ಳು ಕಡಿಮೆಯಾಗಲಿಲ್ಲ. ನಿಜ ಒಪ್ಪಿಕೊಂಡಿದ್ದಕ್ಕೆ ಅಪ್ಪನಿಂದ ಮೆಚ್ಚುಗೆ ಪಡೆದ ಹುಡುಗನ ಕಥೆ ಕೇಳಿದವರಲ್ಲಿ ಕಡಿಮೆಯಾಯಿತು.

‘ಗುಮ್ಮ ಬರ್ತಾನೆ ಅಂದರೆ ಏನಾಯ್ತು? ಸುಮ್ಮನೆ ಹೆದರಿಸೋಕೆ ತಾನೆ’

ಗುಮ್ಮನಿಗೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಪುರಂದರದಾಸರ ಪದದಲ್ಲಿ ಬಾಲಕೃಷ್ಣನೂ ಅವನಿಗೆ ಅಂಜುವವನೇ. ಈಗ ಗುಮ್ಮನ ಜಾಗಕ್ಕೆ ಪೊಲೀಸ್, ಸೂಜಿ ಚುಚ್ಚುವ ಡಾಕ್ಟರ್, ಚೀಲ ಹೊತ್ತ ಭಿಕ್ಷುಕ ಬಂದಿದ್ದಾರೆ. ಮಗುವಿಗೆ ಹೇಗೂ ಅದು ಸುಳ್ಳೆಂದು ಗೊತ್ತಾಗುತ್ತದಲ್ಲ ಎಂದು ಮೇಲಿನ ಮಾತನ್ನೇ ಹಿಡಿದು ನನ್ನನ್ನು ಕೇಳಬಹುದು. ಇಲ್ಲೊಂದು ಸೂಕ್ಷ್ಮವಿದೆ. 1991ರಲ್ಲಿ ಮನೋವಿಜ್ಞಾನಿ ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು ಮಕ್ಕಳಿಗೆ ಖಾಲಿ ಪೆಟ್ಟಿಗೆ ತೋರಿಸಿ, ಇದರೊಳಗೆ ರಾಕ್ಷಸನಿದ್ದಾನೆ ಎಂದು ಊಹಿಸಿಕೊಳ್ಳಲು ಹೇಳಿದರು. ನಿಜವಾಗಿ ಇದ್ದಾನೆಯೇ ಎಂದರೆ ‘ಇಲ್ಲ’ ಎಂಬುದೇ ಉತ್ತರ. ಆದರೂ ಸಂಶೋಧಕರು ಹೊರಗೆ ಹೊರಟಾಗ ಕೆಲವು ಮಕ್ಕಳು ‘ಹೋಗಬೇಡಿ’ ಎಂದು ತಡೆದವು. ಇಲ್ಲವೆಂದು ತಿಳಿದಿದ್ದರೂ ಭಯ ಬಿಡುವುದಿಲ್ಲ. ರಾತ್ರಿ ಕತ್ತಲಲ್ಲಿ ಒಬ್ಬರೇ ಬಚ್ಚಲಿಗೆ ಹೋಗುವಾಗ ದೊಡ್ಡವರಿಗೂ ಇದರ ಅನುಭವವಿದೆ.

ಅದರ ಮೇಲೆ ಅಮ್ಮನೇ ‘ಬಂದ ನೋಡು’ ಎಂದರೆ ಮಗು ಯಾರನ್ನು ನಂಬಬೇಕು? ತನ್ನ ಕಣ್ಣನ್ನೋ, ಅಮ್ಮನನ್ನೋ? ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದು ನೆನಪಿರಬೇಕು. ರಾತ್ರಿ ಮನೆಯವರ ದನಿಯಲ್ಲೇ ಕರೆಯುವ ದೆವ್ವ, ಅದನ್ನು ಓದಿ ವಾಪಸು ಹೋಗುತ್ತದೆಂಬ ನಂಬಿಕೆ. ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಅದನ್ನು ಬರೆದಿದ್ದು ಮನೆಯ ಯಜಮಾನರು. ಮಕ್ಕಳು ಅದನ್ನು ಸಾಕ್ಷಿಯೆಂದು ಓದಿಕೊಂಡರು.

ಗುಮ್ಮನ ಜೊತೆಗೇ ಹೇಳಿಬಿಡುತ್ತೇನೆ: ಮಲಗಿ ಒಂದೆರಡು ಗಂಟೆಯಾದ ಮೇಲೆ ಮಗು ಕಿಟಾರನೆ ಕಿರುಚಿ ಎದ್ದು, ಕಣ್ಣು ಬಿಟ್ಟಿದ್ದರೂ ನಿಮ್ಮನ್ನು ಗುರುತಿಸದೆ ಬೆವರಿ, ಆಮೇಲೆ ಮಲಗಿಬಿಟ್ಟು, ಬೆಳಿಗ್ಗೆ ಏನೂ ನೆನಪಿಲ್ಲ ಎಂದರೆ ಅದು ಬಾಲಗ್ರಹವಲ್ಲ. ಆಳವಾದ ನಿದ್ದೆಯಿಂದ ಅರ್ಧ ಎಚ್ಚರವಾಗುವ ಸ್ಥಿತಿ. ಅಲುಗಾಡಿಸಿ ಎಬ್ಬಿಸಬೇಡಿ, ಬೀಳದಂತೆ ನೋಡಿಕೊಳ್ಳಿ. ಕೈಕಾಲು ಒಂದೇ ಸಮನೆ ಅದುರುತ್ತಿದ್ದರೆ, ಮೈ ಸೆಟೆದುಕೊಂಡರೆ ಡಾಕ್ಟರ ಬಳಿ ಹೋಗಬೇಕು.

‘ಹೆತ್ತವರ ಕಣ್ಣಿಗೆ ತಪ್ಪುತ್ತಾ?’

ತಪ್ಪುತ್ತದೆ. 1994ರಲ್ಲಿ ಹೂವರ್ ಮತ್ತು ಮಿಲಿಕ್ ಎಂಬ ಸಂಶೋಧಕರು ಐದರಿಂದ ಏಳು ವರ್ಷದ ಹುಡುಗರಿಗೆ ಸಕ್ಕರೆಯೇ ಇಲ್ಲದ ಸಿಹಿ ಪಾನೀಯ ಕೊಟ್ಟು, ಅರ್ಧದಷ್ಟು ತಾಯಂದಿರಿಗೆ ‘ತುಂಬ ಸಕ್ಕರೆ ಕೊಟ್ಟಿದ್ದೇವೆ’ ಎಂದರು. ಆ ತಾಯಂದಿರು ತಮ್ಮ ಮಕ್ಕಳು ವಿಪರೀತ ಕುಣಿಯುತ್ತಿದ್ದಾರೆ ಎಂದರು, ಹೆಚ್ಚು ಗದರಿಸಿದರು. ಸಿಹಿ ತಿಂದರೆ ಮಕ್ಕಳು ಹಿಡಿತಕ್ಕೆ ಸಿಗುವುದಿಲ್ಲ ಎಂಬ ನಂಬಿಕೆ ಆಗಲೇ ಅವರ ಕಣ್ಣಲ್ಲಿ ಕೂತಿತ್ತು.

ನಮ್ಮಲ್ಲಿ ಇದಕ್ಕಿಂತ ಅಪಾಯದ್ದು ‘ಹಲ್ಲು ಬರ್ತಿದೆ, ಅದಕ್ಕೇ ಜ್ವರ, ಭೇದಿ’ ಎನ್ನುವುದು. ಹಲ್ಲು ಹುಟ್ಟುವಾಗ ಜೊಲ್ಲು, ಕಿರಿಕಿರಿ ಇರುತ್ತದೆ. 102 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರಕ್ಕೂ ಹಲ್ಲಿಗೂ ನಂಟು ಕಾಣಲಿಲ್ಲ ಎಂದು ಅಮೆರಿಕದಲ್ಲಿ 125 ಶಿಶುಗಳನ್ನು ಗಮನಿಸಿದ ಅಧ್ಯಯನ 2000ದಲ್ಲೇ ಹೇಳಿದೆ. ಭೇದಿಯಾದರೆ ಓಆರ್‌ಎಸ್ ಕುಡಿಸಿ, ಆಸ್ಪತ್ರೆಗೆ ತೋರಿಸಿ.

‘ನನಗೆ ಚೆನ್ನಾಗಿ ನೆನಪಿದೆ’

ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಜಗತ್ತಿಗೆ ವಿವರಿಸಿದ ಜೀನ್ ಪಿಯಾಜೆಗೆ ತಾನು ಎರಡು ವರ್ಷದವನಿದ್ದಾಗ ಪ್ಯಾರಿಸ್ಸಿನ ಬೀದಿಯಲ್ಲಿ ಯಾರೋ ತನ್ನನ್ನು ಅಪಹರಿಸಲು ಬಂದದ್ದು, ದಾದಿ ಹೋರಾಡಿದ್ದು, ಅವಳ ಮುಖದ ಮೇಲಿನ ತರಚುಗಾಯ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಅವನಿಗೆ ಹದಿನೈದರ ಪ್ರಾಯವಾದಾಗ ದಾದಿಯಿಂದ ಮನೆಗೆ ಕಾಗದ ಬಂತು. ಕಥೆ ಪೂರ್ತಿ ತಾನು ಕಟ್ಟಿದ್ದು, ಬಹುಮಾನವಾಗಿ ಕೊಟ್ಟ ಗಡಿಯಾರವನ್ನು ಹಿಂತಿರುಗಿಸುತ್ತಿದ್ದೇನೆ ಎಂದಿತ್ತು. ಮನೆಯಲ್ಲಿ ಮತ್ತೆ ಮತ್ತೆ ಕೇಳಿದ ಕಥೆ ಸ್ವಂತ ನೆನಪಾಗಿ ಹೆಪ್ಪುಗಟ್ಟಿತ್ತು. ಅಣ್ಣತಮ್ಮಂದಿರು ‘ಅಪ್ಪ ಅವತ್ತು ನನಗೇ ಹೊಡೆದದ್ದು’, ‘ಅಲ್ಲ, ನನಗೆ’ ಎಂದು ಐವತ್ತರ ವಯಸ್ಸಿನಲ್ಲಿ ವಾದ ಮಾಡುವಾಗ ಇಬ್ಬರೂ ಪ್ರಾಮಾಣಿಕರಿರಬಹುದು.

ಮಕ್ಕಳ ವಿಷಯದಲ್ಲಿ ಇದು ಗಂಭೀರ. 1995ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮನೋವಿಜ್ಞಾನಿಗಳಾದ ಮಿಷೆಲ್ ಲೈಕ್ಟ್‌ಮನ್ ಮತ್ತು ಸ್ಟೀಫನ್ ಸೆಸಿ, ಸ್ಯಾಮ್ ಸ್ಟೋನ್ ಎಂಬ ಹೆಸರಿನಲ್ಲಿ ಒಬ್ಬನನ್ನು ಶಿಶುವಿಹಾರಕ್ಕೆ ಕಳಿಸಿದರು. ಅವನು ಎರಡು ನಿಮಿಷ ಇದ್ದು, ಏನನ್ನೂ ಮುಟ್ಟದೆ ಹೋದ. ಮುಂಚೆಯೇ ‘ಅವನು ಎಡವಟ್ಟು’ ಎಂಬ ಮಾತು ಕೇಳಿದ್ದು, ಆಮೇಲೆ ವಾರಗಟ್ಟಲೆ ‘ಪುಸ್ತಕ ಹರಿದಾಗ ಅವನಿಗೆ ಸಿಟ್ಟು ಬಂದಿತ್ತಾ?’ ಎಂಬಂಥ ಪ್ರಶ್ನೆ ಕೇಳಿಸಿಕೊಂಡ ಮೂರು-ನಾಲ್ಕು ವರ್ಷದವರಲ್ಲಿ ಹೆಚ್ಚಿನವರು, ಅವನೇ ಹಾಳು ಮಾಡಿದ ಎಂದರು. ಪೂರ್ವಗ್ರಹವನ್ನೂ ಬಿತ್ತದೆ, ಉತ್ತರವನ್ನೂ ಬಾಯಿಗೆ ತುರುಕದೆ ಕೇಳಿದ ಮಕ್ಕಳು ಮಾತ್ರ ಬಹುಮಟ್ಟಿಗೆ ನಡೆದದ್ದನ್ನೇ ಹೇಳಿದರು.

‘ಅಪಾಯ ಬರುವುದು ಅಪರಿಚಿತರಿಂದ’

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಹಂಚಿದ ಸ್ನೇಹಿತರ ಗುಂಪನ್ನು ಮಕ್ಕಳ ಕಳ್ಳರೆಂದು ಜನ ಹೊಡೆದರು. ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತರು. ಆ ದಿನಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದ್ದ ಅಪಹರಣದ ವಿಡಿಯೊ, ಕರಾಚಿಯ ಮಕ್ಕಳ ಸುರಕ್ಷತೆಯ ಜಾಗೃತಿ ಚಿತ್ರವೊಂದರ ಕೊನೆ ಕತ್ತರಿಸಿದ ತುಂಡು. ಇತ್ತ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳನ್ನು ತೆರೆದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೊ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ. ನೆಂಟರು, ನೆರೆಯವರು, ಮನೆಗೆ ಬಂದುಹೋಗುವವರು.

ಆದ್ದರಿಂದ ಸ್ಯಾಮ್ ಸ್ಟೋನ್ ಕಥೆಯನ್ನು ಹಿಡಿದು ‘ಮಕ್ಕಳ ಮಾತು ಕಟ್ಟುಕಥೆ’ ಎನ್ನಬೇಡಿ. ಆ ಪ್ರಯೋಗ ತೋರಿಸಿದ್ದು ಕೇಳುವವರ ತಪ್ಪನ್ನು. ಮಗು ತಾನಾಗಿಯೇ ‘ಆ ಮಾವ ಹಿಂಗೆ ಮಾಡಿದ’ ಎಂದಾಗ, ‘ಛೆ, ಹಾಗೆಲ್ಲ ಹೇಳಬಾರದು’ ಎಂದು ಬಾಯಿ ಮುಚ್ಚಿಸಬೇಡಿ. ‘ಅಲ್ಲಿ ಮುಟ್ಟಿದನಾ? ಇಲ್ಲಿ ಮುಟ್ಟಿದನಾ?’ ಎಂದು ಮನೆಮಂದಿಯೆಲ್ಲ ಸುತ್ತುವರಿದು ಹತ್ತು ಸಲ ಕೇಳಲೂ ಬೇಡಿ. ‘ಏನಾಯ್ತು, ಹೇಳು ಕಂದ’ ಎಂದು ಒಮ್ಮೆ ಕೇಳಿ, ಅದು ಹೇಳಿದ ಮಾತನ್ನೇ ಬರೆದಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರು ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ, ಸಮವಸ್ತ್ರ ತೊಡದೆ ಪಡೆಯಬೇಕು. ಮಗುವನ್ನು ಠಾಣೆಗೆ ಎಳೆದೊಯ್ಯುವ ಅಗತ್ಯವಿಲ್ಲ.