‘ಕಾಲ ಕೆಟ್ಟಿತು’ ಅನ್ನುವ ಅಮೆರಿಕದ ಲೆಕ್ಕ

ಪಶ್ಚಿಮ ಏಷ್ಯಾದಲ್ಲಿ ಯುದ್ಧ, ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು, ಕೋರ್ಟಿನಲ್ಲಿ ಸಲಿಂಗ ಮದುವೆಗೆ ಮಾನ್ಯತೆ. ನಮಗೆ ಇವು ಮೂರು ಬೇರೆ ಬೇರೆ ಸುದ್ದಿ. ಅಮೆರಿಕದ ಸಂಪ್ರದಾಯವಾದಿ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ಒಂದು ದೊಡ್ಡ ಗುಂಪಿಗೆ ಮೂರೂ ಒಂದೇ ಸುದ್ದಿ: ನೀತಿ ಕುಸಿದಿದೆ, ಅಂತ್ಯಕಾಲ ಹತ್ತಿರ ಬಂದಿದೆ. ನಕ್ಕು ಮುಂದೆ ಹೋಗೋದು ಸುಲಭ. ಆದರೆ ಈ ನಂಬಿಕೆ ಆ ದೇಶದ ಮತಪೆಟ್ಟಿಗೆ, ನ್ಯಾಯಾಲಯ, ವಿದೇಶಾಂಗ ನೀತಿ ಮೂರರ ಒಳಗೂ ಕೂತಿದೆ. ಹಾಗಾಗಿ ಇದರ ಒಳಗಿನ ವೈರಿಂಗ್ ಹೇಗಿದೆ ಅಂತ ಬಿಚ್ಚಿ ನೋಡೋಣ.

ಮೊದಲಿಗೆ ಒಂದು ಅಚ್ಚರಿ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಬಹಳಷ್ಟು ಪ್ರಾಟೆಸ್ಟಂಟರು ಲೋಕ ಸುಧಾರಿಸುತ್ತದೆ ಅಂತಲೇ ನಂಬಿದ್ದರು. ಮನುಷ್ಯರು ಸಮಾಜವನ್ನು ತಿದ್ದಿ ಹದಗೊಳಿಸಿದ ಮೇಲೆ ಯೇಸು ಮತ್ತೆ ಬರುತ್ತಾನೆ ಅನ್ನೋದು ಅವರ ನಿರೀಕ್ಷೆ. ಗುಲಾಮಗಿರಿಯ ವಿರುದ್ಧದ ಹೋರಾಟಕ್ಕೆ ಈ ಭರವಸೆ ದೊಡ್ಡ ಶಕ್ತಿ ಕೊಟ್ಟಿತ್ತು. ಅಂತರ್ಯುದ್ಧದ ನಂತರ ಗಾಳಿ ತಿರುಗಿತು. ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕ ಹರಡಿದ ವಾದ ಉಲ್ಟಾ ಇತ್ತು: ಲೋಕ ಕೆಡುತ್ತಲೇ ಹೋಗುತ್ತದೆ, ನಂಬಿದವರನ್ನು ಯೇಸು ಮೇಲಕ್ಕೆತ್ತಿಕೊಳ್ಳುತ್ತಾನೆ, ಆಮೇಲೆ ಮಹಾಸಂಕಟದ ಕಾಲ, ಕೊನೆಗೆ ಅವನ ಆಳ್ವಿಕೆ. 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲ್ ಇದೇ ವ್ಯಾಖ್ಯಾನವನ್ನು ಮೂಲ ವಚನಗಳಿದ್ದ ಪುಟದಲ್ಲೇ ಟಿಪ್ಪಣಿಯಾಗಿ ಅಚ್ಚು ಹಾಕಿತು. ಓದುವವರಿಗೆ ವಚನ ಯಾವುದು, ಟಿಪ್ಪಣಿ ಯಾವುದು ಅನ್ನೋ ಗೆರೆ ನಿಧಾನಕ್ಕೆ ಮಾಸಿತು.

ಇಂಜಿನಿಯರಿಂಗ್ ಓದಿದ ನನಗೆ ಇಲ್ಲಿ ಕಾಣೋದು ಒಂದು ವಿಚಿತ್ರ ಸರ್ಕ್ಯೂಟ್. ಒಳಗೆ ಯಾವ ಸಿಗ್ನಲ್ ಹಾಕಿದರೂ ಹೊರಗೆ ಬರೋದು ಅದೇ ಉತ್ತರ. ಕೆಟ್ಟ ಸುದ್ದಿ ಬಂದರೆ ಭವಿಷ್ಯವಾಣಿ ನಿಜವಾಯಿತು. ಒಳ್ಳೆ ಸುದ್ದಿ ಬಂದರೆ ಅದು ಬಿರುಗಾಳಿಗೆ ಮುಂಚಿನ ಮೌನ. ಹ್ಯಾಲ್ ಲಿಂಡ್ಸೆ 1970ರಲ್ಲಿ ಬರೆದ ಅಂತ್ಯಕಾಲದ ಪುಸ್ತಕ ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ಅದರಲ್ಲಿ ಸೋವಿಯತ್ ಒಕ್ಕೂಟಕ್ಕೆ ದೊಡ್ಡ ಪಾತ್ರವಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, ಆ ಓದಿನ ಕ್ರಮ ಮಾತ್ರ ಉಳಿಯಿತು. ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಯುದ್ಧ, ಬರ, ಭೂಕಂಪಗಳ ಪಟ್ಟಿ ಇರೋದು ನಿಜ. ಆ ದಿನ ಯಾವುದೆಂದು ಯಾರಿಗೂ ತಿಳಿಯದು ಅನ್ನೋ ಮಾತೂ ಅದೇ ಅಧ್ಯಾಯದಲ್ಲಿದೆ.

ಇನ್ನು ‘ನೈತಿಕ ಅಧಃಪತನ’ದ ಪಟ್ಟಿ. ಅದರ ತುದಿಯಲ್ಲಿ ಇಂದು ಗರ್ಭಪಾತವಿದೆ. ಆದರೆ 1971ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಅಂಗೀಕರಿಸಿದ ನಿರ್ಣಯ, ಅತ್ಯಾಚಾರವಾದಾಗ, ಭ್ರೂಣಕ್ಕೆ ತೀವ್ರ ವೈಕಲ್ಯವಿದ್ದಾಗ, ತಾಯಿಯ ದೈಹಿಕ ಮತ್ತು ಮಾನಸಿಕ ಆರೋಗ್ಯಕ್ಕೆ ಅಪಾಯವಿದ್ದಾಗ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬೇಕು ಅಂದಿತ್ತು. ಜೆರ್ರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಕಟ್ಟಿದ್ದು 1979ರಲ್ಲಿ. ವರ್ಣಭೇದ ಪಾಲಿಸುತ್ತಿದ್ದ ಕ್ರೈಸ್ತ ಶಾಲೆಗಳ ತೆರಿಗೆ ವಿನಾಯಿತಿಗೆ ಸರ್ಕಾರ ಕೈಹಾಕಿದ್ದೇ ಈ ಚಳವಳಿಯ ಮೊದಲ ಕಿಡಿ ಅನ್ನೋದು ಇತಿಹಾಸಕಾರ ರ‍್ಯಾಂಡಲ್ ಬಾಲ್ಮರ್ ವಾದ. ಈ ವಾದವನ್ನು ಒಪ್ಪದವರೂ ಇದ್ದಾರೆ. ಅದೇನೇ ಇರಲಿ, ಯಾವುದು ಮಹಾಪಾಪ ಅನ್ನೋ ಪಟ್ಟಿ ಕಾಲಕ್ಕೆ ತಕ್ಕಂತೆ ಬದಲಾಗಿದೆ ಅನ್ನೋದಕ್ಕೆ ಆ ನಿರ್ಣಯವೇ ಸಾಕ್ಷಿ.

ಹಾಗಾದರೆ ಲೋಕ ನಿಜಕ್ಕೂ ಕೆಟ್ಟಿದೆಯಾ? ಅಮೆರಿಕದಲ್ಲಿ 1990ರ ದಶಕದ ಆರಂಭಕ್ಕೆ ಹೋಲಿಸಿದರೆ ಹಿಂಸಾತ್ಮಕ ಅಪರಾಧದ ಪ್ರಮಾಣ ಬಹಳ ಇಳಿದಿದೆ. ಹದಿಹರೆಯದ ಹುಡುಗಿಯರು ತಾಯಂದಿರಾಗುವ ಪ್ರಮಾಣ ಅದಕ್ಕಿಂತಲೂ ಕಡಿದಾಗಿ ಬಿದ್ದಿದೆ. 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ಕನಿಷ್ಠ 60 ದೇಶಗಳ ಜನ ದಶಕಗಳಿಂದಲೂ ‘ನೀತಿ ಕುಸಿಯುತ್ತಿದೆ’ ಅಂತಲೇ ಹೇಳುತ್ತಿದ್ದಾರೆ ಅಂತ ತೋರಿಸಿತು. ಆದರೆ ಸುತ್ತಲಿನವರು ಇವತ್ತು ಹೇಗೆ ನಡೆದುಕೊಳ್ಳುತ್ತಿದ್ದಾರೆ ಅಂತ ಕೇಳಿದಾಗ ಬರುವ ಉತ್ತರ ಹೆಚ್ಚೇನೂ ಬದಲಾಗಿಲ್ಲ.

ಹಾಗಂತ ಅವರ ಆತಂಕವೆಲ್ಲ ಸುಳ್ಳಲ್ಲ. ಮಾದಕವಸ್ತುಗಳ ಸಾವು, ಒಂಟಿತನ, ಕಾರ್ಖಾನೆ ಮುಚ್ಚಿದ ಊರುಗಳಲ್ಲಿ ಒಡೆದ ಸಂಸಾರಗಳು, ಇವು ನಿಜವಾದ ನೋವು. ಇನ್ನೊಂದು ಕುಸಿತವೂ ನಿಜ, ಅದು ಅವರದೇ ಸಂಖ್ಯೆಯದು. ಗ್ಯಾಲಪ್ ಪ್ರಕಾರ ಯಾವುದಾದರೂ ಚರ್ಚು, ಸಿನಗಾಗ್ ಅಥವಾ ಮಸೀದಿಯ ಸದಸ್ಯರಾದ ಅಮೆರಿಕನ್ನರು 1999ರಲ್ಲಿ ಶೇ. 70ರಷ್ಟಿದ್ದರು, 2020ರಲ್ಲಿ ಶೇ. 47ಕ್ಕೆ ಇಳಿದರು. ನಿನ್ನೆವರೆಗೆ ಊರಿಗೆ ಯಜಮಾನನಾಗಿದ್ದವನಿಗೆ ಇವತ್ತು ಪಂಕ್ತಿಯಲ್ಲಿ ಎಲ್ಲರ ಜೊತೆ ಕೂರಬೇಕಾಗಿ ಬಂದರೆ, ಊರೇ ಹಾಳಾಯಿತು ಅಂತ ಅನಿಸುತ್ತದೆ.

ಈ ಭಯ ರಾಜಕೀಯಕ್ಕೆ ಸಿಕ್ಕಾಗ ಏನಾಗುತ್ತದೆ ನೋಡಿ. ಖಾಸಗಿ ಬದುಕಿನಲ್ಲಿ ನೀತಿಗೆಟ್ಟ ರಾಜಕಾರಣಿ ಅಧಿಕಾರದಲ್ಲಿ ನೀತಿಯಿಂದ ನಡೆದುಕೊಳ್ಳಬಲ್ಲನೇ ಅಂತ ಪಿಆರ್‌ಆರ್‌ಐ ಸಂಸ್ಥೆ ಕೇಳಿತ್ತು. 2011ರಲ್ಲಿ ಹೌದು ಅಂದ ಬಿಳಿಯ ಇವ್ಯಾಂಜೆಲಿಕಲ್ಲರು ಶೇ. 30. ಟ್ರಂಪ್ ಚುನಾವಣೆಗೆ ನಿಂತ 2016ರಲ್ಲಿ ಶೇ. 72. ನೀತಿ ಕುಸಿಯಿತು ಅಂತ ಹೊರಟವರ ಅಳತೆಗೋಲೇ ಐದು ವರ್ಷದಲ್ಲಿ ಹೀಗೆ ಬಗ್ಗಿತು. ಹೋಗಲಿ, ಫಲ ಸಿಕ್ಕಿತಾ? ಸಿಕ್ಕಿತು. 2018ರಲ್ಲಿ ಅಮೆರಿಕದ ರಾಯಭಾರ ಕಚೇರಿ ಜೆರುಸಲೇಮಿಗೆ ಹೋಯಿತು. 2022ರಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿತು. ಅದರ ಬೆಲೆಯನ್ನು ಇವತ್ತು ಹಲವು ರಾಜ್ಯಗಳ ಹೆಣ್ಣುಮಕ್ಕಳು ತೆರುತ್ತಿದ್ದಾರೆ.

ಒಂದು ಮಾತು ನೆನಪಿರಲಿ: ಎಲ್ಲ ಸಂಪ್ರದಾಯಸ್ಥ ಕ್ರೈಸ್ತರೂ ಹೀಗಿಲ್ಲ. ಬೈಬಲನ್ನು ಅಷ್ಟೇ ಗಟ್ಟಿಯಾಗಿ ನಂಬುವ ಕಪ್ಪು ಜನರ ಚರ್ಚುಗಳು ಬಹುಪಾಲು ಡೆಮಾಕ್ರಟಿಕ್ ಪಕ್ಷದ ಕಡೆಗಿವೆ. ಇವ್ಯಾಂಜೆಲಿಕಲ್ಲರದೇ ಪತ್ರಿಕೆಯಾದ ‘ಕ್ರಿಶ್ಚಿಯಾನಿಟಿ ಟುಡೇ’ 2019ರ ಡಿಸೆಂಬರಿನಲ್ಲಿ ಟ್ರಂಪ್ ಅಧಿಕಾರದಿಂದ ಇಳಿಯಬೇಕು ಅಂತ ಸಂಪಾದಕೀಯ ಬರೆಯಿತು. ಗ್ರಂಥ ಒಂದೇ ಆದರೂ ರಾಜಕೀಯ ಒಂದೇ ಆಗಬೇಕಿಲ್ಲ.

‘ಕಲಿಗಾಲ’ ಅನ್ನೋ ಪದ ನಮ್ಮ ನಾಲಗೆಯ ಮೇಲೂ ಇದೆ, ಹಾಗಾಗಿ ಈ ಕಥೆ ನಮಗೆ ತೀರಾ ಪರದೇಶಿಯಲ್ಲ. ಮುಂದಿನ ಸಲ ಯಾರಾದರೂ, ಯಾವ ಧರ್ಮದವರಾದರೂ, ಕಾಲ ಕೆಟ್ಟಿತು ಅಂದರೆ ಮೂರು ಪ್ರಶ್ನೆ ಕೇಳಿ. ಯಾವ ವರ್ಷಕ್ಕೆ ಹೋಲಿಸಿ ಹೇಳುತ್ತಿದ್ದೀರಿ? ಆ ವರ್ಷದಲ್ಲಿ ಯಾರು ಸುಖವಾಗಿದ್ದರು? ಅದನ್ನು ವಾಪಸ್ ತರೋದಕ್ಕೆ ಈಗ ಯಾರ ಹಕ್ಕು ಕೇಳುತ್ತಿದ್ದೀರಿ?