ಹಸಿರು ಟವಲ್ ಯಾರ ದುಡ್ಡಿಂದು?

ಮೊನ್ನೆ ಬ್ಲಫ್‌ನಲ್ಲಿ ಮಂಡ್ಯದ ಮೆರವಣಿಗೆಗೆ ಹೊರಟ ಲಾರಿ ನಿಂತಿತ್ತು. ಹತ್ತಿದವರ ಹೆಗಲ ಮೇಲೆಲ್ಲ ಮಡಿಕೆ ಮಾಸದ ಹೊಸ ಹಸಿರು ಟವಲ್. "ಏನ್ಲಾ ಬೇಡಿಕೆ?" ಅಂತ ನಮ್ಮೂರ ಹುಡುಗನನ್ನು ಕೇಳಿದೆ. "ಗೊತ್ತಿಲ್ಲ ದೊಡ್ಡಪ್ಪ, ಕೂಲಿ, ಊಟ ಕೊಡ್ತಾರಂತೆ" ಅಂದ. ಅವನನ್ನು ಬೈಯಲಾರೆ. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಕೂಲಿ ಎಲ್ಲಿದೆ?

ಆದರೆ ಆ ಟವಲಿನ ಹುಟ್ಟು ಬೇರೆ. 1980ರಲ್ಲಿ ನರಗುಂದ, ನವಲಗುಂದದ ರೈತರು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ತಿರುಗಿಬಿದ್ದರು. ಗೋಲಿಬಾರಿನಲ್ಲಿ ಪ್ರಾಣ ಹೋಯಿತು. ಆ ಕಿಚ್ಚಿನಲ್ಲೇ ರಾಜ್ಯ ರೈತ ಸಂಘ ಹುಟ್ಟಿತು. ಸಾಲಕ್ಕೆ ಜಪ್ತಿಯಾದ ಸಾಮಾನನ್ನು ರೈತರೇ ಹೋಗಿ ವಾಪಸ್ ತಂದರು. ಕೇಳದೆ ಒಳಗೆ ಬರಬೇಡಿ ಅಂತ ಅಧಿಕಾರಿಗಳಿಗೆ ಊರಬಾಗಿಲಲ್ಲೇ ಬೋರ್ಡು ಹಾಕಿದರು. ಕೂಲಿ ಕೊಟ್ಟು ಈ ಕೆಲಸ ಮಾಡಿಸೋಕಾಗಲ್ಲ.

ಹಾಗಂತ ದುಡ್ಡು ಮುಟ್ಟಿದ್ದೆಲ್ಲ ಸುಳ್ಳಲ್ಲ, ಚಳವಳಿಗೂ ಲಾರಿ ಬಾಡಿಗೆ ಬೇಕು. ಚಂದಾ ಲೆಕ್ಕವನ್ನು ಊರ ಜಗಲಿ ಮೇಲೆ ಓದ್ತಾರಾ, ಬೇಡಿಕೆ ಬರೆಯುವ ಮೊದಲು ನಮ್ಮನ್ನು ಕೇಳಿದರಾ, ಕೇಸು ಬಿದ್ದಾಗ ಕೋರ್ಟಿಗೆ ಜೊತೆ ಬರೋರು ಯಾರು, ನಾನು ನೋಡೋದು ಇಷ್ಟು.

ಸಂಜೆ ಲಾರಿ ಬಂತು. ಹುಡುಗನ ಹೆಗಲು ಖಾಲಿ. ಇಳಿಯುವಾಗ ಟವಲುಗಳನ್ನು ಎಣಿಸಿ ಇಸ್ಕೊಂಡರಂತೆ.