ಹಳೇ ಪಿಸ್ಟನ್ ಎಸೆಯಬೇಡಿ

ಮಳೆಗಾಲದ ಗಾಳಿಗೆ ರಸ್ತೆಗೆ ಅಡ್ಡ ಬಿದ್ದ ಮರ ತೆಗೆಯುವುದಿರಲಿ, ಕಾಫಿ ತೋಟದ ಸಿಲ್ವರ್ ಓಕ್ ಕಡಿಯುವುದಿರಲಿ, ಮಲೆನಾಡಿನಲ್ಲಿ ಈಗ ಚೈನ್‌ಸಾ ಇಲ್ಲದೆ ಕೆಲಸ ಸಾಗದು. ಅದರ ರಿಪೇರಿಯ ಗೋಳೂ ಅಷ್ಟೇ ದೊಡ್ಡದು. ಇಂಜಿನ್ ಸೀಜ್ ಆಯಿತು, ಹೊಸ ಬೋರ್ ಕಿಟ್ ಹಾಕಿಸಿದ್ದಾಯಿತು, ನಾಲ್ಕು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ಮತ್ತೆ ಸೀಜ್. ಬೈಗುಳವೆಲ್ಲ ಕಿಟ್ ಮಾರಿದವನ ಪಾಲಿಗೆ. ಕಳಪೆ ಕಿಟ್‌ಗಳು ಇಲ್ಲವೆಂದಲ್ಲ. ಆದರೆ ಎರಡನೇ ಸಲವೂ ಹಿಡಿದುಕೊಂಡಿತೆಂದರೆ, ಮೊದಲ ಪಿಸ್ಟನ್ ಕೆಡಿಸಿದ ಕಾರಣ ಇನ್ನೂ ಮೆಷಿನ್ನಿನೊಳಗೇ ಕೂತಿದೆ ಎಂದು ಅನುಮಾನಿಸುವುದೇ ಸರಿ.

ಟೂ ಸ್ಟ್ರೋಕ್ ಇಂಜಿನ್ನಿಗೆ ಬೇರೆ ಆಯಿಲ್ ಸಂಪ್ ಇರುವುದಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಅದಕ್ಕೆ ಗತಿ. ಥ್ರಾಟಲ್ ಪೂರ್ತಿ ಒತ್ತಿದಾಗ ಇಂಜಿನ್ ನಿಮಿಷಕ್ಕೆ 12,000 ಸುತ್ತು ದಾಟುವುದುಂಟು. ಆ ವೇಗದಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲ್ ತಗ್ಗಿದರೆ ಶಾಖವೂ ಏರುತ್ತದೆ, ಎಣ್ಣೆಯೂ ಇಳಿಯುತ್ತದೆ. ಪಿಸ್ಟನ್ ಹಿಗ್ಗಿ ಬೋರಿಗೆ ಉಜ್ಜಿಕೊಳ್ಳುತ್ತದೆ.

ಏನಾಯಿತೆಂದು ಕೆಟ್ಟ ಪಿಸ್ಟನ್ನೇ ಹೇಳುತ್ತದೆ. ಗೀರು ಸೈಲೆನ್ಸರ್ ಕಡೆ ಮಾತ್ರ ಇದ್ದರೆ ಪೆಟ್ರೋಲ್ ಸಾಲದೆ ಕಾದಿದೆ. ಸುತ್ತಲೂ ಇದ್ದರೆ ಎಣ್ಣೆಯೇ ಬಿದ್ದಿಲ್ಲ. ಕಾರ್ಬುರೇಟರ್ ಕಡೆ ಮಂಕಾಗಿ ಸವೆದಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಹೊಕ್ಕಿದೆ. ಪಿನ್ನಿನ ನೇರಕ್ಕೆ ಆಳವಾದ ಕಾಲುವೆ ಬಿದ್ದಿದ್ದರೆ ಪಿನ್ನಿನ ಲಾಕ್ ಕಳಚಿದೆ, ಅದು ಹೆಚ್ಚಾಗಿ ಜೋಡಿಸಿದವರ ತಪ್ಪು. ದುರದೃಷ್ಟವೆಂದರೆ ಹೊಸ ಕಿಟ್ ಬರುವ ಹೊತ್ತಿಗೆ ಹಳೆಯದು ಗುಜರಿ ಡಬ್ಬಿ ಸೇರಿರುತ್ತದೆ.

ಸೈಲೆನ್ಸರ್ ಕಡೆಯ ಗೀರಿನ ಹಿಂದೆ ಬಹಳ ಸಲ ಇರುವುದು ಕಳ್ಳಗಾಳಿ. ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲ್, ಕಾರ್ಬುರೇಟರಿನಿಂದ ಬೋರಿಗೆ ಹೋಗುವ ರಬ್ಬರ್, ಇಂಪಲ್ಸ್ ಪೈಪ್, ಬೋರಿನ ಅಡಿಯ ಗ್ಯಾಸ್ಕೆಟ್: ಎಲ್ಲೇ ಬಿರುಕಿದ್ದರೂ ಕಾರ್ಬುರೇಟರ್ ಅಳೆಯದ ಗಾಳಿ ಒಳಬರುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಟ್ಯೂನಿಂಗ್ ನಿಲ್ಲುವುದಿಲ್ಲ, ಐಡ್ಲಿಂಗ್ ತಾನೇ ಏರಿ ಇಳಿಯುತ್ತದೆ.

ಪರೀಕ್ಷೆ ಕಷ್ಟದ್ದಲ್ಲ. ಸೈಲೆನ್ಸರ್, ಕಾರ್ಬುರೇಟರ್ ಎರಡನ್ನೂ ಬಿಚ್ಚಿ ಆ ಬಾಯಿಗಳನ್ನು ರಬ್ಬರಿನಿಂದ ಮುಚ್ಚಬೇಕು. ಇಂಪಲ್ಸ್ ಬೇರೆ ತೂತಿನಲ್ಲಿದ್ದರೆ ಅದನ್ನೂ. ಪಿಸ್ಟನ್ ಕೆಳಗಿಳಿಸಿ, ಪ್ಲಗ್ ತೂತಿನಿಂದ ಸುಮಾರು 0.5 ಬಾರ್ ಗಾಳಿ ಕೊಟ್ಟು, ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿದರೆ ಸೋರುವ ಜಾಗ ಗುಳ್ಳೆ ಎಬ್ಬಿಸುತ್ತದೆ. ಅಷ್ಟಕ್ಕೇ ನಿಲ್ಲಿಸಬಾರದು. ಒತ್ತಡಕ್ಕೆ ಬಿಗಿಯಾಗಿ ಕೂರುವ ಸೀಲ್, ನಿರ್ವಾತಕ್ಕೆ ತುಟಿ ಬಿಡುವುದುಂಟು. ಹಾಗಾಗಿ ಅಷ್ಟೇ ಪ್ರಮಾಣದ ನಿರ್ವಾತ ಕೊಟ್ಟು, ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸುತ್ತ ಗೇಜಿನ ಮುಳ್ಳು ನೋಡಬೇಕು. ಹೊಸ ಗ್ಯಾಸ್ಕೆಟ್ ಹಾಕಿದ್ದೇನೆ ಎಂಬ ಮಾತು ಈ ಪರೀಕ್ಷೆಗೆ ಬದಲಿಯಲ್ಲ.

ಕಳ್ಳಗಾಳಿ ಇಲ್ಲದಿದ್ದರೆ ಪೆಟ್ರೋಲಿನ ದಾರಿ ನೋಡಿ: ಟ್ಯಾಂಕಿನೊಳಗಿನ ಫಿಲ್ಟರ್, ಬಿರುಕುಬಿಟ್ಟ ಪೈಪ್, ಕಟ್ಟಿಕೊಂಡ ಟ್ಯಾಂಕ್ ವೆಂಟ್. ಈಗ ಬಂಕಿನಲ್ಲಿ ಸಿಗುವುದು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್. ಚೈನ್‌ಸಾ ತಯಾರಕರಲ್ಲಿ ಹಲವರು ಹೇಳುವ ಮಿತಿ 10 ಪ್ರತಿಶತ. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೇ ಟ್ಯೂನಿಂಗಿಗೇ ಇಂಜಿನ್ ಹೆಚ್ಚು ಕಾಯುತ್ತದೆ. ಮಳೆಗಾಲದಲ್ಲಿ ಕ್ಯಾನಿನೊಳಗೆ ನೀರು ಸೇರಿದರೆ ಎಥನಾಲ್ ಅದನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಹೀಗೆ ಬೇರ್ಪಟ್ಟ ಪೆಟ್ರೋಲ್ ಟ್ಯಾಂಕಿಗೆ ಬಿದ್ದರೆ ಫಿಲ್ಟರ್ ಎಳೆಯುವುದು ತಳದ್ದನ್ನೇ.

ಸೀಜ್ ಆಗುವುದಕ್ಕೆ ಮದ್ದೆಂದು ಎಣ್ಣೆ ಕಣ್ಣಳತೆಯಲ್ಲಿ ಜಾಸ್ತಿ ಸುರಿಯುವವರಿದ್ದಾರೆ. ಎಣ್ಣೆ ಹೆಚ್ಚಾದಷ್ಟು ಅದೇ ಜೆಟ್ಟಿನಲ್ಲಿ ಹೋಗುವ ಪೆಟ್ರೋಲ್ ಕಡಿಮೆ. 50:1 ಎಂದರೆ ಲೀಟರಿಗೆ 20 ಮಿಲಿ. ನಿಮ್ಮ ಮೆಷಿನ್ನಿನ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ ಅಳೆದು ಹಾಕಿ.

ಇನ್ನೊಂದು, ಬಹಳ ಮಂದಿ ಮರೆಯುವಂಥದ್ದು: ಮೊದಲ ಸೀಜಿನಲ್ಲಿ ಉದುರಿದ ಲೋಹದ ಪುಡಿ ಕ್ರ್ಯಾಂಕ್‌ಕೇಸಿನಲ್ಲೇ ಉಳಿದಿರುತ್ತದೆ. ತೊಳೆಯದೆ ಹೊಸ ಪಿಸ್ಟನ್ ಹಾಕಿದರೆ ಅದೇ ಪುಡಿ ಟ್ರಾನ್ಸ್‌ಫರ್ ಪೋರ್ಟಿನಲ್ಲಿ ಮೇಲೇರಿ ಬೋರನ್ನು ಕೆರೆಯುತ್ತದೆ. ಬೇರಿಂಗ್ ಸವೆದಿದ್ದರೆ ಸೀಲ್ ಬದಲಿಸಿಯೂ ಉಪಯೋಗವಿಲ್ಲ, ಕ್ರ್ಯಾಂಕ್ ಅಲುಗಾಡಿ ಹೊಸ ಸೀಲೂ ಸೋರುತ್ತದೆ.

ಸೀಲಿನ ಬೆಲೆ ಬೋರ್ ಕಿಟ್ಟಿನ ಮುಂದೆ ಏನೂ ಅಲ್ಲ. ಮೂರನೇ ಕಿಟ್ ಕೊಳ್ಳುವ ಮುಂಚೆ ಕೆಟ್ಟ ಎರಡೂ ಪಿಸ್ಟನ್ ಕೇಳಿ ಪಡೆಯಿರಿ, ಗಾಳಿ ಪರೀಕ್ಷೆ ನಿಮ್ಮೆದುರೇ ಮಾಡಿಸಿ. ಅದೆಲ್ಲ ಬೇಡ ಎನ್ನುವ ಮೆಕ್ಯಾನಿಕ್ ಕೈಗೆ ಮೆಷಿನ್ ಕೊಡಬೇಡಿ.